ತಾತನ ಕರಡಿಗೆಯೂ ಮೂರನೆಯ ವಸ್ತುವೂ

ನಮ್ಮವರು ಮದರಾಸಿನಲ್ಲಿ ಏನು ಓದುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಏಕೆಂದರೆ ಅವರು ಪಕ್ಕದಲ್ಲಿದ್ದರೆ ನಿಜವನ್ನೇ ಹೇಳಿಬಿಡುತ್ತಿದ್ದರು. ಎಂಬತ್ತಮೂರರ ದೀಪಾವಳಿಗೆ, ಮದುವೆಯಾದ ಮೇಲೆ ಮೊದಲ ಹಬ್ಬವೆಂದು ನಾವಿಬ್ಬರೂ ಗುಮಟಾಪುರದ ನನ್ನ ತವರಿಗೆ ಬಂದಾಗಲೂ ಹಾಗೇ ಆಯಿತು. ಬಸ್ಸಿನಿಂದ ಇಳಿದು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ನನ್ನ ಅಜ್ಜಿ ಶಿವಮಲ್ಲಮ್ಮ ಕೇಳಿದಳು. ನಮ್ಮವರು ಚಾಪೆಯ ಮೇಲೆ ನೆಟ್ಟಗೆ ಕೂತು ವಿವರಿಸಿದರು.

"ಎರಡು ಬೇರೆ ಬೇರೆ ವಸ್ತುನ ಒಂದಕ್ಕೊಂದು ಕೂಡುಸ್ತೀವಿ ಅಜ್ಜಿ. ಆಮೇಲ ಬಿಸಿ ಮಾಡ್ತೀವಿ. ಆಗ ಅವು ಕೂಡಿರೋ ಜಾಗದಲ್ಲಿ ಒಂದ್ನೊಂದು ಎಂಗ್ ತಳ್ಳಾಡ್ತವ, ಎಲ್ಲಿ ಬಿಟ್ಕತವ ಅಂತ ಲೆಕ್ಕ ಆಕೋದು."

ಅಜ್ಜಿ ಎಲೆಅಡಿಕೆ ದವಡೆಯಿಂದ ದವಡೆಗೆ ಬದಲಾಯಿಸಿದಳು. "ಅದ್ನ ನೋಡಕ್ಕ ಮದ್ರಾಸ್‌ಗ್ಯಾಕ್ ಓಗ್ಬೇಕು ಅಳಿಯಂದ್ರೇ? ಯಾವ್ದಾರ ಮದುವ ಮನಲಿ ಎರಡು ದಿನ ಕುಂತ್ರ ಸಾಕಲ್ವ?"

ನಮ್ಮವರು ಪಣಕಹಳ್ಳಿಯವರು. ಅದೇ ಮಣ್ಣು, ಅದೇ ಮಾತು. ಆದರೆ ತಮಾಷೆ ಅವರಿಗೆ ಒಂದು ಗಳಿಗೆ ತಡವಾಗಿ ಮುಟ್ಟುತ್ತದೆ. ಅವರು ಮದುವೆ ಮನೆಯಲ್ಲಿ ಶಾಖ ಎಲ್ಲಿಂದ ಬರುತ್ತದೆ ಎಂದು ಯೋಚಿಸುತ್ತಿದ್ದರು. ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ನನ್ನ ತಾತ ಚಿಕ್ಕಬಸಪ್ಪ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

ತಾತನ ವಿಷಯ ಈಗಲೇ ಹೇಳಿಬಿಡಬೇಕು. ವಯಸ್ಸು ಎಂಬತ್ತರ ಹತ್ತಿರ, ಬುದ್ಧಿ ಹದಿನೆಂಟರ ಹತ್ತಿರ. ನಮ್ಮೂರಲ್ಲಿ ದೀಪಾವಳಿ ಮುಗಿದ ಮರುದಿನ ಬೀರೇಶ್ವರನ ಗುಡಿಯ ಹಿಂದಿನ ಗುಂಡಿಯಲ್ಲಿ ಸಗಣಿ ಗುಡ್ಡೆ ಹಾಕಿ, ಗಂಡಸರೆಲ್ಲ ಅದರೊಳಗೆ ಇಳಿದು ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುತ್ತಾರೆ. ಹಿಂದಿನ ವರ್ಷ ತಾತ ಅದರಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಸಂಕ್ರಾಂತಿಯವರೆಗೂ ಮಲಗಿದ್ದ. ಎತ್ತಿ ಕೂರಿಸಿದ್ದು, ಮೈ ಒರೆಸಿದ್ದು, ಬೈದದ್ದು, ಎಲ್ಲವೂ ಅಜ್ಜಿಯೇ. ತಾತ ಎದ್ದು ನಡೆದ ಮೊದಲ ದಿನ ಅವಳು ಅವನನ್ನು ಗುಡಿಯ ಮುಂದೆ ನಿಲ್ಲಿಸಿ ಆಣೆ ಇಟ್ಟಿದ್ದಳು: "ಇನ್ನೊಂದ್ ದಪ ಗುಂಡಿಗ ಇಳುದ್ರ, ನನ್ ಕೈಯ ಅನ್ನ ನಿಮಗಿಲ್ಲ." ಅಜ್ಜಿ ಆಣೆ ಇಟ್ಟು ತಪ್ಪಿದ್ದನ್ನು ಆ ಸೀಮೆಯಲ್ಲಿ ಯಾರೂ ಕಂಡಿಲ್ಲ.

ಈ ಸಲ ಸಗಣಿ ಹಬ್ಬದ ದಿನ ತಾತ, ಹೊಲದ ಕಡೆ ಹೋಗಿ ಬರುತ್ತೇನೆಂದು ಹೋದವನು ಸಂಜೆಗೆ ಬಂದ. ಮಿಂದು ಬಂದಿದ್ದ. ಚಳಿ ಎಂದು ಬಚ್ಚಲಿನ ಹಂಡೆಯ ಒಲೆ ಮುಂದೆ ಕೂತವನು ಅಲ್ಲೇ ನಿದ್ದೆ ಹೋದ. ಯಾರೂ ಏನೂ ಕೇಳಲಿಲ್ಲ.

ಮರುದಿನ ನಾವು ಮದರಾಸಿಗೆ ಹೊರಡಬೇಕು. ಅಮ್ಮ ಬೆಳಗಿನ ಜಾವದಿಂದ ಕಜ್ಜಾಯ, ಹೋಳಿಗೆ, ಕುಂಬಳಕಾಯಿ ಪಲ್ಯ ಎಂದು ಒಬ್ಬಳೇ ಒದ್ದಾಡುತ್ತಿದ್ದಳು. ಅಜ್ಜಿಗೆ ಬೆನ್ನು ನೋವಂತೆ, ಅಡುಗೆಮನೆಗೆ ಕಾಲಿಟ್ಟಿರಲಿಲ್ಲ. ಎಲೆ ಹಾಕುವ ಹೊತ್ತಿಗೆ ತಾತ ಪೂಜೆಗೆ ಕೂತ. ಕತ್ತಿನಲ್ಲಿದ್ದ ಕರಡಿಗೆಯ ಮುಚ್ಚಳ ತಿರುಗಿಸಿದ. ಅದು ತಿರುಗಲಿಲ್ಲ. ಎಳೆದ, ಬರಲಿಲ್ಲ.

ಕರಡಿಗೆ ಎಂದರೆ ಲಿಂಗವನ್ನಿಡುವ ಬೆಳ್ಳಿಯ ಡಬ್ಬಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು. ಹುಟ್ಟಿದಾಗ ಗುರುಗಳು ಕಟ್ಟಿದ ಲಿಂಗ ಅದರೊಳಗಿರುತ್ತದೆ. ಅದನ್ನು ತೆಗೆದು ಅಂಗೈಯಲ್ಲಿಟ್ಟು ಪೂಜೆ ಮಾಡದೆ ತಾತ ಒಂದು ಗುಟುಕು ನೀರೂ ಕುಡಿಯುವವನಲ್ಲ. ತಾತ ಉಣ್ಣದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ.

ಮೊದಲು ಅಪ್ಪ ಎಳೆದ. ಕರಡಿಗೆಯನ್ನು ಮೈಮೇಲಿಂದ ತೆಗೆಯಬಾರದೆಂದು ತಾತ ಹಟ ಹಿಡಿದಿದ್ದರಿಂದ, ಅಪ್ಪ ಮುಚ್ಚಳ ಹಿಡಿದು ಜಗ್ಗಿದರೆ ತಾತನೂ ಕರುವಿನಂತೆ ಹಿಂದೆಯೇ ಬರುತ್ತಿದ್ದ. ಇಕ್ಕಳ ತರೋಣವೆಂದರೆ ಡಬ್ಬಿ ನೆಗ್ಗುತ್ತದೆ, ಒಳಗಿನ ಲಿಂಗಕ್ಕೆ ಏನಾದರೂ ಆದರೆ ಮನೆಗೇ ಕೇಡು. ತಾಳವಾಡಿಯ ಅಕ್ಕಸಾಲಿ ಹಬ್ಬಕ್ಕೆ ಅಂಗಡಿ ಮುಚ್ಚಿ ಮಾವನ ಮನೆಗೆ ಹೋಗಿದ್ದ. ಬಿಸಿಲು ಅಂಗಳಕ್ಕೆ ಬಂತು. ತಾತನ ತುಟಿ ಒಣಗಿ ಬಿಳುಪಾಗಿತ್ತು. ನನಗೆ ನಿಜವಾಗಿಯೂ ಭಯವಾಯಿತು. ಈ ವಯಸ್ಸಿನ ಜೀವ, ನಿನ್ನೆ ಮಧ್ಯಾಹ್ನದಿಂದ ಹೊಟ್ಟೆಗಿಲ್ಲ, ಎಷ್ಟು ಹೊತ್ತು ತಡೆದೀತು?

ಆಗ ಅಜ್ಜಿ ನಮ್ಮವರ ಕಡೆ ತಿರುಗಿದಳು. "ಅಳಿಯಂದ್ರೇ, ಎರಡು ವಸ್ತು ಕೂಡಿರೋ ಜಾಗ ಅಂದ್ರಲ್ಲ. ಇಲ್ಲೊಂದು ಕೂಡ್ಕಂಡು ಕುಂತದ. ಬುಡುಸಿ ನೋಡಮ."

ನಾನು ಕಣ್ಣಲ್ಲೇ ಬೇಡವೆಂದೆ. ಬಿಡಿಸಲಾಗದಿದ್ದರೆ ಊರೆಲ್ಲ ಆಡಿಕೊಳ್ಳುತ್ತದೆ. ಆದರೆ ನಮ್ಮವರ ಮುಖ ಹಬ್ಬದ ಹಣತೆಯಂತೆ ಬೆಳಗಿಬಿಟ್ಟಿತ್ತು. ಮದುವೆಯಲ್ಲೂ ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಕಂಡಿಲ್ಲ.

ಅವರು ಕರಡಿಗೆಯ ಸುತ್ತಳತೆಯನ್ನು ದಾರದಲ್ಲಿ ಅಳೆದರು. ಬೆಳ್ಳಿಯ ದಪ್ಪ ತಿಳಿಯಲು ಅಮ್ಮನ ಹಳೆಯ ಕರಡಿಗೆಯ ಮುಚ್ಚಳ ಕೇಳಿ ಪಡೆದರು. ಬರೆಯಲು ದೊಡ್ಡ ಜಾಗ ಬೇಕೆಂದರು. ಅಮ್ಮ ಅಕ್ಕಿಹಿಟ್ಟಿನ ಬಟ್ಟಲು ಕೊಟ್ಟಳು. ನಮ್ಮವರು ಪಂಚೆ ಎತ್ತಿ ಕಟ್ಟಿ, ನಡುಮನೆಯ ನೆಲದ ಮೇಲೆ ಕರಡಿಗೆಯನ್ನು ಸೀಳಿದರೆ ಹೇಗೆ ಕಾಣುತ್ತದೋ ಹಾಗೆ ಎತ್ತಿನಗಾಡಿ ಚಕ್ರದಷ್ಟು ದೊಡ್ಡದಾಗಿ ಬರೆದರು. ಆಮೇಲೆ ಅದರೊಳಗೆಲ್ಲ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು ತ್ರಿಕೋಣಗಳನ್ನು ಕಟ್ಟುತ್ತಾ ಹೋದರು.

"ಇದು ಯಾವ ಅಬ್ಬದ ರಂಗೋಲಿ?" ಎಂದಳು ಅಜ್ಜಿ.

"ಇದ್ಕ ಫೈನೈಟ್ ಎಲಿಮೆಂಟ್ ಅಂತಾರ ಅಜ್ಜಿ. ಇಡೀ ಡಬ್ಬಿನ ಒಂದೇ ಸಲ ಲೆಕ್ಕ ಆಕಕ್ಕ ಆಗಲ್ಲ. ಅದ್ಕ ಚೂರು ಚೂರು ಮಾಡ್ಕತೀವಿ. ಒಂದೊಂದು ಚೂರೂ ಪಕ್ಕದ ಚೂರ್ನ ಎಷ್ಟು ತಳ್ತದ, ಎಷ್ಟು ಬಿಸಿ ಕೊಡ್ತದ ಅಂತ ಬರುದ್ರ, ಎಲ್ಲಾ ಸೇರುಸ್ದಾಗ ಇಡೀ ಡಬ್ಬಿ ಸಂಗ್ತಿ ತಿಳೀತದ. ಮುಚ್ಚಳ ಡಬ್ಬಿ ಮುಟ್ಟೋ ಕಡ ಚೂರು ಸಣ್ಣದಾಗಿರ್ಬೇಕು. ಜಗಳ ಇರೋದೇ ಅಲ್ಲಿ."

ಮದರಾಸಿನಲ್ಲಿ ಇದನ್ನು ಕೋಣೆಯಷ್ಟು ದೊಡ್ಡ ಕಂಪ್ಯೂಟರ್ ಮಾಡುತ್ತದೆ, ತೂತು ಹೊಡೆದ ಕಾರ್ಡುಗಳನ್ನು ಕೊಟ್ಟು ಎರಡು ದಿನ ಕಾಯಬೇಕು. ಇಲ್ಲಿ ನಮ್ಮವರು ಮೊಣಕಾಲೂರಿ ಕೈಯಲ್ಲೇ ಶುರುಮಾಡಿದರು. ಮನೆಯವರೆಲ್ಲ ಗೋಡೆಗೆ ಅಂಟಿಕೊಂಡು ಓಡಾಡಿದೆವು. ಯಾರ ಕಾಲಿಗೂ ಸಿಗದ ಆ ತ್ರಿಕೋಣಗಳ ಬಲೆ ಕೊನೆಗೆ ಕರುವಿನ ಬಾಯಿಗೆ ಸಿಕ್ಕಿತು. ಕೊಟ್ಟಿಗೆಯಿಂದ ಕಿತ್ತುಕೊಂಡು ಬಂದದ್ದು ಮುಚ್ಚಳದ ಬಲಗಡೆಯನ್ನು ನೆಕ್ಕಿಬಿಟ್ಟಿತು. ನಮ್ಮವರು ತಲೆ ಮೇಲೆ ಕೈಯಿಟ್ಟು ಕೂತರು. ಅಜ್ಜಿ, "ಪಾಪ, ಅದೊಂದ್ಕಾರ ಒಟ್ಟ ತುಂಬ್ತಲ್ಲ" ಎಂದಳು.

ಕರು ನೆಕ್ಕಿದ್ದನ್ನು ಮತ್ತೆ ಬರೆದು ಲೆಕ್ಕ ಮುಗಿಸಿದಾಗ ನಮ್ಮವರ ಮುಖದಲ್ಲಿ ಗಾಬರಿಯಿತ್ತು. ಮತ್ತೊಮ್ಮೆ ಮೊದಲಿಂದ ನೋಡಿದರು. ಕೊನೆಗೆ ಎದ್ದು ನಿಂತು ಹೇಳಿದರು.

"ಮುಚ್ಚಳಾನೂ ಬೆಳ್ಳಿ, ಡಬ್ಬಿನೂ ಬೆಳ್ಳಿ. ಬಿಸಿಯಾದ್ರ ಎರಡೂ ಒಂದೇ ಸಮ ಇಗ್ತವ, ತಣ್ಣಗಾದ್ರ ಒಂದೇ ಸಮ ಕುಗ್ತವ. ಒಂದ್ನೊಂದು ಇಡ್ಕಳಕ್ಕ ಕಾರಣವೇ ಇಲ್ಲ. ನನ್ ಲೆಕ್ಕದ ಪ್ರಕಾರ ಈ ಮುಚ್ಚಳ ಊದುದ್ರ ಆರೋಗ್ಬೇಕು."

ಅಪ್ಪ ನಿಜವಾಗಿಯೂ ಬಗ್ಗಿ ಒಮ್ಮೆ ಊದಿ ನೋಡಿದ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ಓದಿ, ಇಷ್ಟು ಬರೆದು, ಊದಿದರೆ ಹಾರಬೇಕಂತೆ!

"ಅಂದ್ರ," ಎಂದು ನಮ್ಮವರು ಬೆರಳೆತ್ತಿದರು, "ಎರಡು ಬೆಳ್ಳಿ ನಡುವ ಮೂರನೇ ವಸ್ತು ಏನೋ ಅದ. ತಾತ, ಇದ್ರೊಳಕ್ಕ ಏನಾರ ಓಯ್ತಾ?"

"ಏನೂ ಇಲ್ಲ," ಎಂದ ತಾತ. ಕೇಳುವ ಮೊದಲೇ ಹೇಳಿದಂತಿತ್ತು ಆ ಉತ್ತರ.

"ಎಣ್ಣ? ಬೆಲ್ಲ? ಮೇಣ?"

"ಏನೂ ಇಲ್ಲ ಅಂದ್ನಲ್ಲ ಕಣ್ಲಾ! ಶಿವನ ಇಚ್ಛ. ಅವ್ನಿಗ ಇವತ್ತು ಒರಗ ಬರಕ್ಕ ಮನಸಿಲ್ಲ, ಅಷ್ಟೇಯ." ಅಳಿಯನನ್ನು 'ಲಾ' ಎಂದದ್ದು ಹಸಿವಿಗೋ ಭಯಕ್ಕೋ ತಿಳಿಯಲಿಲ್ಲ. ಅಜ್ಜಿ ಅವನನ್ನೇ ನೋಡುತ್ತಾ ಅಡಿಕೆ ಕತ್ತರಿಸುತ್ತಿದ್ದಳು. ತಾತ ಅವಳ ಕಡೆ ಮಾತ್ರ ನೋಡಲಿಲ್ಲ.

ಏನೂ ಇಲ್ಲವೆಂದರೆ ಮುಚ್ಚಳವನ್ನಷ್ಟೇ ಬಿಸಿ ಮಾಡೋಣ, ಅದು ಹಿಗ್ಗಿ ಸಡಿಲವಾಗಲಿ, ಎಂದು ಅಪ್ಪ ಕುದಿಯುವ ನೀರಿನಲ್ಲಿ ಬಟ್ಟೆ ಅದ್ದಿ ತಂದ. ನಮ್ಮವರು ಅದನ್ನು ಕೈಯಿಂದ ಕಸಿದುಕೊಂಡರು. ತಾತನಿಗೆ ಕೊಟ್ಟಿಗೆಯಲ್ಲಿ ಏನೋ ತೋರಿಸಬೇಕೆಂದು ಹೇಳಿ ಅವನ ತೋಳು ಹಿಡಿದು ನಡೆಸಿಕೊಂಡು ಹೋದರು. ನಾನು ಕರು ಕಟ್ಟುವ ನೆಪದಲ್ಲಿ ಹಿಂದೆಯೇ ಹೋಗಿ ಹುಲ್ಲಿನ ಮೆದೆಯ ಮರೆಯಲ್ಲಿ ನಿಂತೆ.

"ತಾತ, ನನ್ನ ಲೆಕ್ಕ ಸುಳ್ಳೇಳಲ್ಲ," ಎಂದರು ನಮ್ಮವರು ಮೆಲ್ಲಗೆ. "ನಡುವ ಇರೋದು ಬಿಸಿಗ ಕರಗೋ ವಸ್ತುವಾಗಿದ್ರ, ಈಗ ಬಿಸಿ ಮಾಡುದ್ರ ಇನ್ನೂ ಒಳಕ್ಕ ಇಳುದು ಲಿಂಗಕ್ಕೇ ಮೆತ್ಕತದ. ಆಮೇಲ ಡಬ್ಬಿ ಒಡಿಯೋದು ಬುಟ್ರ ದಾರಿಲ್ಲ. ಏನದು, ಏಳಿ."

ತಾತ ಅತ್ತಿತ್ತ ನೋಡಿದ. ಎತ್ತುಗಳನ್ನು ಬಿಟ್ಟರೆ ಯಾರೂ ಕಾಣಲಿಲ್ಲ. "ಸಗಣಿ ಕಣಪ್ಪ," ಎಂದ.

ಆಮೇಲೆ ಒಂದೇ ಉಸಿರಿಗೆ ಎಲ್ಲ ಹೊರಬಂತು. ಸುಮ್ಮನೆ ನೋಡಿ ಬರುತ್ತೇನೆಂದು ಗುಡಿಯ ಹಿಂದಕ್ಕೆ ಹೋದದ್ದು, ಕಾಲು ತಡೆಯದೆ ಇಳಿದದ್ದು, ನಾಲ್ಕು ಉಂಡೆ ಎಸೆಯುವಷ್ಟರಲ್ಲಿ ಎಲ್ಲಿಂದಲೋ ಒಂದು ದೊಡ್ಡ ಉಂಡೆ ನೇರ ಎದೆಗೇ ಬಂದು ಬಿದ್ದದ್ದು. ಕೆರೆಯಲ್ಲಿ ಮಿಂದು, ಲಿಂಗ ತೊಳೆದು ಸಂಜೆಯ ಪೂಜೆ ಮುಗಿಸಿದ್ದ. ಕರಡಿಗೆಯ ಅಂಚಿನಲ್ಲಿ ಸಗಣಿಯ ಹಸಿರು ಉಳಿದದ್ದು ಮಬ್ಬಿನಲ್ಲಿ ಕಾಣಲಿಲ್ಲ. ಒದ್ದೆ ಕರಡಿಗೆಯನ್ನು ಅಜ್ಜಿ ಕಂಡಾಳೆಂದು ಹಂಡೆಯ ಒಲೆ ಮುಂದೆ ಕೂತು ಎದೆಯ ಸಮೇತ ಕಾಯಿಸಿಕೊಂಡಿದ್ದ.

"ಕಾಯುಸ್ಬುಟ್ರಾ!" ನಮ್ಮವರು ಕೈ ಕೈ ಹಿಸುಕಿಕೊಂಡರು. ಲಿಂಗದ ಕಲ್ಲಿನ ಮೇಲೆ ಅರಗಿನಂತೆ ಕಪ್ಪಗೆ ಮೆತ್ತಿರುವ ಕಂತಿ ಎಂಬ ಲೇಪ ಬಿಸಿಗೆ ಮೆದುವಾಗಿ ಅಂಚಿಗೆ ಹರಿದಿದೆ. ಅಲ್ಲಿದ್ದ ಸಗಣಿಯ ನಾರನ್ನು ಸೇರಿಕೊಂಡು, ತಣ್ಣಗಾದಾಗ ಗಾರೆಯಂತೆ ಕಚ್ಚಿದೆ. ಈಗ ಅವರಿಗೆ ಎಲ್ಲ ಅರ್ಥವಾಯಿತು.

"ನಿಜ ಏಳುದ್ರೂ ಊಟಿಲ್ಲ, ಏಳ್ದೇ ಇದ್ರೂ ಊಟಿಲ್ಲ ನನಗ," ಎಂದ ತಾತ. "ಇಪ್ಪತ್ತು ದಿನ ಉಪಾಸ ಬೇಕಾದ್ರ ಇರ್ತಿನಿ ಕಣಪ್ಪ. ಅವ್ಳ ಕೈಯ ಅನ್ನ ನಿಂತೋದ್ರ ನಾ ಬದುಕಲ್ಲ. ಅವ್ಳಿಗ ಏಳ್ಬ್ಯಾಡ."

ನಗು ತಡೆಯಲು ಬಾಯಿಗೆ ಸೆರಗು ಇಟ್ಟುಕೊಂಡಿದ್ದವಳು, ಅದೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ. ನಮ್ಮವರು, "ನಾನು ಅದ್ರ ಎಸ್ರು ಏಳಲ್ಲ ತಾತ. ಲೆಕ್ಕದಲ್ಲಿ ಎಸ್ರು ಬರಲ್ಲ," ಎಂದರು. ಆ ದಿನವೇ ನನಗೆ ಅವರು ಗಂಡ ಎನ್ನುವುದಕ್ಕಿಂತ ಹೆಚ್ಚಾಗಿ ಇಷ್ಟವಾದದ್ದು.

ಬಿಸಿ ಆಗದು ಎಂದರೆ ಉಳಿದದ್ದು ತಣ್ಣಗೆ. ತಣ್ಣಗಾದರೆ ಕಂತಿ ಬೆಳ್ಳಿಗಿಂತ ಬಹಳ ಹೆಚ್ಚು ಕುಗ್ಗುತ್ತದೆ, ಗಾಜಿನ ಹಾಗೆ ಪೆಡಸಾಗಿ ಬೆಳ್ಳಿಯಿಂದ ಕಿತ್ತುಕೊಳ್ಳುತ್ತದೆ ಎಂದು ನಮ್ಮವರು ನಡುಮನೆಗೆ ಬಂದು ಸಾರಿದರು. ಆದರೆ ಗುಮಟಾಪುರದಲ್ಲಿ ಮಂಜುಗಡ್ಡೆ ಎಲ್ಲಿ? ದೇವರು ದೊಡ್ಡವನು. ಹಬ್ಬದ ಜನಕ್ಕೆಂದು ತಾಳವಾಡಿಯಿಂದ ಐಸ್ ಪೆಟ್ಟಿ ತಂದಿದ್ದ ರಂಗಸ್ವಾಮಿ, ಉಳಿದದ್ದನ್ನು ಮಾರಿಕೊಂಡು ಹೋಗಲು ಇನ್ನೂ ಊರಲ್ಲೇ ಸೈಕಲ್ ತಳ್ಳುತ್ತಿದ್ದ. "ಪಾಲ್ ಐಸ್, ಸೇಮಿಯಾ ಐಸ್" ಎಂಬ ಅವನ ತಮಿಳು ಕೂಗು ಕೇಳಿ ಅಪ್ಪ ಓಡಿದ. ಕಡ್ಡಿ ಐಸಿನ ಅಡಿಗೆ ಹಾಕಿದ್ದ ಗಡ್ಡೆಯನ್ನೆಲ್ಲ ಹೊತ್ತು ತಂದ.

ತಾಮ್ರದ ತಪ್ಪಲೆ ತೊಳೆದು ಅದರಲ್ಲಿ ಐಸು ತುಂಬಿದೆವು. ಕರಡಿಗೆಯನ್ನು ಒಣಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟು, ತಪ್ಪಲೆಯನ್ನು ತಾತನ ಮಡಿಲಲ್ಲಿ ಕೂರಿಸಿದೆವು. ಕರಡಿಗೆ ಕಟ್ಟಿದ ಶಿವದಾರ ಕುತ್ತಿಗೆಯಲ್ಲೇ ಇತ್ತು.

"ತಾತ, ಬಗ್ಗಬ್ಯಾಡಿ. ನಿಮ್ಮೆದೆನೂ ಲೆಕ್ಕದಲ್ಲಿ ಒಂದು ಒಲೆ," ಎಂದರು ನಮ್ಮವರು.

"ಒಲೆ ಆರ್ತಾ ಅದ ಕಣಪ್ಪ, ಬ್ಯಾಗ ಮಾಡು," ಎಂದ ತಾತ. ಹಲ್ಲು ಕಟಕಟ ಎನ್ನುತ್ತಿತ್ತು. ಉಪ್ಪು ಹಾಕಿದರೆ ಇನ್ನೂ ಬೇಗ ತಣ್ಣಗಾಗುತ್ತದಲ್ಲ ಎಂದು ಅಪ್ಪ ಕೇಳಿದ. ಒಮ್ಮೆಲೇ ತಣ್ಣಗಾದರೆ ಕಲ್ಲಿಗೆ ಪೆಟ್ಟು, ಕಂತಿ ಬಿರಿದರೆ ಮತ್ತೆ ಕಟ್ಟಿಸಬಹುದು, ಕಲ್ಲು ಬಿರಿದರೆ ಏನು ಮಾಡುವುದು ಎಂದು ನಮ್ಮವರು ಒಪ್ಪಲಿಲ್ಲ. ಎಲ್ಲರೂ ತಪ್ಪಲೆಯನ್ನೇ ನೋಡುತ್ತಾ ಕೂತೆವು. ಅಜ್ಜಿ ಎರಡು ಸಲ ಎದ್ದು, ಎರಡು ಸಲವೂ ಮತ್ತೆ ಕೂತಳು. ಅವಳ ತುಟಿ ಅಲ್ಲಾಡುತ್ತಿತ್ತು. ಬೈಯುತ್ತಿದ್ದಾಳೆಂದುಕೊಂಡೆ. ಕಿವಿಗೊಟ್ಟರೆ 'ಶಿವ ಶಿವ' ಎನ್ನುತ್ತಿದ್ದಳು.

ತಪ್ಪಲೆಯೊಳಗಿಂದ 'ಟಿಕ್' ಎಂದಿತು. ಒಣ ಅವರೆಕಾಯಿ ಬಿಸಿಲಿಗೆ ಬಾಯಿಬಿಟ್ಟಷ್ಟೇ ಸದ್ದು. ನಮ್ಮವರು ಬಟ್ಟೆ ಬಿಚ್ಚಿ, ಎರಡು ಬೆರಳಲ್ಲಿ ಮುಚ್ಚಳ ಹಿಡಿದು ತಿರುಗಿಸಿದರು. ಅದು ಬೆಣ್ಣೆಯಲ್ಲಿ ತಿರುಗಿದ ಹಾಗೆ ತಿರುಗಿ ಕೈಗೆ ಬಂತು. ಲಿಂಗ ಸರಿಯಾಗಿತ್ತು. ಅಮ್ಮ ಅತ್ತೇಬಿಟ್ಟಳು.

ಆದರೆ ಮುಚ್ಚಳದ ಅಂಚಿನಲ್ಲಿ, ಕಪ್ಪು ಕಂತಿಯ ನಡುವೆ ಒಂದು ಹುಲ್ಲೆಳೆ ನೆಟ್ಟಗೆ ನಿಂತಿತ್ತು. ಐಸಿನ ಒದ್ದೆಗೆ ಸಗಣಿಯ ವಾಸನೆ ಸಣ್ಣಗೆ ಎದ್ದು ನಡುಮನೆಯನ್ನೆಲ್ಲ ಸುತ್ತಿತು. ಅಜ್ಜಿ ಎದ್ದು ಬಂದು, ಆ ಎಳೆಯನ್ನು ಉಗುರಿನಲ್ಲಿ ಕಿತ್ತು ಮೂಗಿನ ಹತ್ತಿರ ಹಿಡಿದಳು.

"ಅದು ಆಕ್ಸೈಡು ಅಜ್ಜಿ," ಎಂದರು ನಮ್ಮವರು. ಬಾಳಿನಲ್ಲಿ ಅವರು ಹೇಳಿದ ಮೊದಲ ಸುಳ್ಳು ಅದಿರಬೇಕು, ಕಿವಿಯ ತುದಿಯವರೆಗೂ ಕೆಂಪಾಗಿದ್ದರು.

"ಓ," ಎಂದಳು ಅಜ್ಜಿ. "ಪೂಜ ಮಾಡ್ಕಳಿ, ಒತ್ತಾಯ್ತು."

ಪೂಜೆ ಮುಗಿಯಿತು. ಎಲೆ ಹಾಕಿದೆವು. ತಾತ ಕೂತ, ಪಕ್ಕದಲ್ಲಿ ನಮ್ಮವರು. ಅಮ್ಮ ಪಲ್ಯ ಬಡಿಸಿದಳು, ನಾನು ಹೋಳಿಗೆ ಬಡಿಸಿದೆ, ಅಮ್ಮ ಅನ್ನ ತಂದಳು. ತಾತ ಎಲೆ ನೋಡಿದ, ಅಡುಗೆಮನೆಯ ಬಾಗಿಲು ನೋಡಿದ, ಕೊನೆಗೆ ಕಂಬಕ್ಕೊರಗಿ ಕೂತಿದ್ದ ಅಜ್ಜಿಯನ್ನು ನೋಡಿದ. ನನಗೆ ನೆನಪಿರುವ ಮಟ್ಟಿಗೆ ಅವಳು ಬಡಿಸದೆ ಅವನು ಉಂಡದ್ದೇ ಇಲ್ಲ.

"ಯಾಕಮ್ಮಿ, ನೀನು ಬಡ್ಸಕ್ಕಿಲ್ವಾ?"

"ನನ್ ಕೈಯ ಅನ್ನ ಇಲ್ಲ ಅಂತ ಬೀರಪ್ಪನ ಮುಂದ ಏಳಿದ್ನಲ್ಲ. ಬೆಳಗಿಂದ ಒಲೆನೂ ಮುಟ್ನಿಲ್ಲ ನಾನು."

ತಾತನ ಕೈ ಎಲೆಯ ಮೇಲೇ ನಿಂತಿತು. ಅವನು ನಮ್ಮವರ ಕಡೆ ಕೆಂಗಣ್ಣು ಬಿಟ್ಟ. ನಮ್ಮವರು ತಲೆ ಆಡಿಸಿ ನಾನಲ್ಲ ಎಂದರು.

"ಅವ್ರ್ನ ಯಾಕ್ ನೋಡೀರಿ? ಪಾಪ, ಸುಳ್ಳೇಳಕ್ಕೂ ಬರಲ್ಲ ಅವ್ರಿಗ," ಎಂದಳು ಅಜ್ಜಿ. ನಮ್ಮವರ ಕಡೆ ತಿರುಗಿದಳು. "ಅಷ್ಟೊಂದು ಲೆಕ್ಕ ಆಕುದ್ರಲ್ಲ ಅಳಿಯಂದ್ರೇ, ಆ ಉಂಡನ ಎಸ್ದವ್ರು ಯಾರು ಅಂತ ನಿಮ್ ತ್ರಿಕೋಣದಲ್ಲಿ ಬರ್ನಿಲ್ವಾ?"

ತಾತ ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. "ನೀನಾ?"

"ಗೋಡ ಮ್ಯಾಲ ಎಂಗಸ್ರ ಜತಲಿ ನಿಂತಿದ್ನಿ. ನೋಡುದ್ರ ನೀವು ಗುಂಡಿಲಿ! ಮುರುದ್ ಸೊಂಟ ಇಟ್ಕಂಡು ಕುಣೀತಿದ್ರಿ. ಗೋಡ ಮ್ಯಾಕ ಬಿದ್ದಿದ್ ಸಗಣಿನೇ ಉಂಡ ಕಟ್ಟಿ ಬೀಸ್ದಿ. ಬೆನ್ನಿಗ ಅಂತ ಗುರಿ ಇಟ್ರ ನೀವು ತಿರುಗ್ಬುಟ್ರಿ." ಇಷ್ಟು ಹೊತ್ತು ಗಟ್ಟಿಯಾಗಿದ್ದ ಅವಳ ದನಿ ಅಲ್ಲಿ ಒಡೆಯಿತು. "ನಾ ಎಸ್ದದ್ದು ಲಿಂಗಕ್ಕೇ ಬಿತ್ತಲ್ಲಾ ಅಂತ ರಾತ್ರಿಯೆಲ್ಲಾ ಕಣ್ಣು ಮುಚ್ನಿಲ್ಲ. ಬೆಳಗ್ಗ ಮುಚ್ಚಳ ಬರ್ದೇ ಇದ್ದಾಗ ನನ್ ಜೀವ ಬಾಯ್ಗ ಬಂದಿತ್ತು. ನಂದೇ ತಪ್ಪು ಅಂತ ಏಳಕ್ಕೂ ಬಾಯಿಲ್ಲ."

ತಾತ ನಕ್ಕ. ನಗುತ್ತಾ ನಗುತ್ತಾ ಕೆಮ್ಮು ಬಂತು. ಅಮ್ಮ ನೀರು ಚಾಚಿದರೆ ತೆಗೆದುಕೊಳ್ಳಲಿಲ್ಲ. ತನ್ನ ಎಲೆಯನ್ನು ಕಂಬದ ಕಡೆಗೆ ಸರಿಸಿದ.

"ಸಗಣಿ ಉಂಡ ಕೊಟ್ಟ ಕೈ ತಾನೇ ಅದು? ಅದ್ರಲ್ಲೇ ಒಂದು ಕಜ್ಜಾಯಾನೂ ಕೊಡು. ನಾ ಆಣೆ ಮುರ್ದಿ, ನೀನು ಗುರಿ ತಪ್ದೈ. ಅಲ್ಲಿಗಲ್ಲಿಗ ಸರಿ."

ಅಜ್ಜಿ ಬೀರಪ್ಪನ ಗುಡಿಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡಳು. ಕಣ್ಣು ಒರೆಸಿಕೊಂಡು ಎದ್ದು, ನನ್ನ ಕೈಯಿಂದ ಕಜ್ಜಾಯದ ತಟ್ಟೆ ಕಿತ್ತುಕೊಂಡು ಅವನ ಎಲೆಗೆ ಎರಡು ಹಾಕಿದಳು.